ಪ್ರೆಪ್ ಮಾತ್ರೆ ಉಚಿತ, ಆದರೂ ಕೈಗೆ ಸಿಗದು ಏಕೆ?

ಪ್ರಶ್ನೆ: ಅಮೆರಿಕದಲ್ಲಿ ಎಚ್‌ಐವಿ ಬಾರದಂತೆ ತಡೆಯುವ ಪ್ರೆಪ್ ಮಾತ್ರೆಯ ಖರ್ಚನ್ನು ವಿಮೆಯೇ ಭರಿಸುತ್ತದಂತೆ. ಹಾಗಿದ್ದೂ ಅಲ್ಲಿನ ಕಪ್ಪುವರ್ಣೀಯರಲ್ಲಿ ಬಳಕೆ ಇಷ್ಟು ಕಡಿಮೆ ಏಕೆ?

ಉತ್ತರ: ಮಾತ್ರೆ ಉಚಿತ ಎಂಬುದು ಬಹುಮಟ್ಟಿಗೆ ನಿಜ. ತೊಡಕಿರುವುದು ಅದರ ಹಿಂದೆ ಮುಂದೆ. 2022ರಲ್ಲಿ ದೇಶದ ಹೊಸ ಎಚ್‌ಐವಿ ಪ್ರಕರಣಗಳಲ್ಲಿ ಶೇ 37ರಷ್ಟು ಕಪ್ಪುವರ್ಣೀಯರವು. ಜನಸಂಖ್ಯೆಯಲ್ಲಿ ಅವರ ಪಾಲು ಶೇ 12ರಷ್ಟೇ. ಪ್ರೆಪ್ ಅಗತ್ಯವಿದ್ದ ಬಿಳಿಯರಲ್ಲಿ ಶೇ 94 ಮಂದಿಗೆ ವೈದ್ಯರ ಚೀಟಿ ಸಿಕ್ಕಿದ್ದರೆ, ಕಪ್ಪುವರ್ಣೀಯರಲ್ಲಿ ಸಿಕ್ಕಿದ್ದು ಶೇ 13 ಮಂದಿಗೆ ಎಂದು ಅಮೆರಿಕ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಅಂದಾಜಿಸಿತ್ತು.

ಕಪ್ಪುವರ್ಣೀಯ ಗಂಡಸರಿಗೆ ಚಿಕಿತ್ಸೆ ಕೊಡದೆ ರೋಗ ಬೆಳೆಯುವುದನ್ನು ನೋಡುತ್ತ ಕುಳಿತ, 1932ರಿಂದ 1972ರವರೆಗೆ ನಡೆದ ಟಸ್ಕೀಗಿ ಸಿಫಿಲಿಸ್ ಪ್ರಯೋಗದಿಂದ ಹುಟ್ಟಿದ ಅಪನಂಬಿಕೆಯೇ ಕಾರಣವೆಂದು ಹೇಳಿ ಮುಗಿಸುವವರಿದ್ದಾರೆ. ಅಪನಂಬಿಕೆ ಇದೆ, ಆದರೆ ಎಷ್ಟೋ ಕಡೆ ವೈದ್ಯರು ಪ್ರೆಪ್ ಮಾತನ್ನೇ ಎತ್ತುವುದಿಲ್ಲ. ಹೆಂಗಸರ ಮುಂದಂತೂ ಇನ್ನೂ ಕಡಿಮೆ. 2019ರಲ್ಲಿ ಪ್ರೆಪ್ ಆಗಿ ಅನುಮೋದನೆ ಪಡೆದ ಡೆಸ್ಕೊವಿ ಮಾತ್ರೆಗೆ ಯೋನಿ ಸಂಭೋಗದ ಅಪಾಯಕ್ಕೆ ಅನುಮೋದನೆಯೇ ಇಲ್ಲ. ಹೆಂಗಸರು ಕೇಳಬೇಕಾದದ್ದು ಟ್ರುವಾಡಾ ಎಂಬ ಇನ್ನೊಂದು ಪ್ರೆಪ್ ಮಾತ್ರೆಯ ಜೆನೆರಿಕ್ ರೂಪ, ಎರಡು ತಿಂಗಳಿಗೊಮ್ಮೆ ಕೊಡುವ ಕ್ಯಾಬೊಟೆಗ್ರಾವಿರ್ ಅಥವಾ ಆರು ತಿಂಗಳಿಗೊಮ್ಮೆ ಕೊಡುವ ಲೆನಕಾಪವಿರ್ ಚುಚ್ಚುಮದ್ದು.

ಮುಂದಿನ ಪೆಟ್ಟು ಬಿಲ್ಲಿನದು. ಮಾತ್ರೆ ಶುರು ಮಾಡುವ ಮುನ್ನ ಎಚ್‌ಐವಿ, ಹೆಪಟೈಟಿಸ್ ಬಿ, ಮೂತ್ರಪಿಂಡದ ಕ್ರಿಯೇಟಿನಿನ್ ಪರೀಕ್ಷೆ ಆಗಬೇಕು. ಆಮೇಲೆ ಮೂರು ತಿಂಗಳಿಗೊಮ್ಮೆ ಎಚ್‌ಐವಿ ಪರೀಕ್ಷೆ. 2021ರ ಅಮೆರಿಕದ ಕೇಂದ್ರ ಸರ್ಕಾರದ ಸೂಚನೆಯ ಪ್ರಕಾರ ಹೆಚ್ಚಿನ ಖಾಸಗಿ ವಿಮೆಗಳು ಇವುಗಳಿಗೂ ರೋಗಿಯಿಂದ ಹಣ ಪಡೆಯುವಂತಿಲ್ಲ. ಆದರೆ ಕ್ಲಿನಿಕ್‌ನವರು ಸಾಮಾನ್ಯ ಭೇಟಿಯೆಂದು ನಮೂದಿಸಿದರೆ ಲ್ಯಾಬಿನ ಬಿಲ್ ಮನೆಗೆ ಬರುತ್ತದೆ, ಬಿಲ್ ಕಂಡವರು ಮತ್ತೆ ಹೋಗುವುದಿಲ್ಲ. ವಿಮೆಗೆ ಕಳಿಸುವ ಬಿಲ್ಲಿನಲ್ಲಿ ಪ್ರೆಪ್ ಭೇಟಿಯ ಕೋಡ್ ಝಡ್ 29.81, ಮುನ್ನೆಚ್ಚರಿಕೆ ಸೇವೆ ಎಂದು ತೋರಿಸಲು 33 ಎಂಬ ಮಾಡಿಫೈಯರ್, ಅಂದರೆ ಹೆಚ್ಚುವರಿ ಸಂಕೇತ ಬಳಸುತ್ತಾರೆ. ಬಿಲ್ ಬಂದರೆ ಹಣ ಕಟ್ಟುವ ಮೊದಲು ಇವೆರಡೂ ಇವೆಯೇ ನೋಡಿ, ಇಲ್ಲದಿದ್ದರೆ ತಿದ್ದಿ ಮರುಸಲ್ಲಿಸಲು ಕ್ಲಿನಿಕ್‌ನವರನ್ನು ಕೇಳಬೇಕು.

ವಿಮೆಯೇ ಇಲ್ಲದವರ ಕಷ್ಟ ದಕ್ಷಿಣದ ರಾಜ್ಯಗಳಲ್ಲಿ ಹೆಚ್ಚು. ಟೆಕ್ಸಾಸ್, ಫ್ಲಾರಿಡಾ, ಮಿಸಿಸಿಪ್ಪಿಗಳು ಬಡವರಿಗಾಗಿ ಇರುವ ಸರ್ಕಾರಿ ವಿಮೆಯಾದ ಮೆಡಿಕೇಡ್ ಅನ್ನು ವಿಸ್ತರಿಸಿಲ್ಲ. ಮಕ್ಕಳಿಲ್ಲದ ಬಡ ವಯಸ್ಕರಿಗೆ ಸಾಮಾನ್ಯವಾಗಿ ಅದು ಸಿಗದು. ಅಂಥವರಿಗೆ ಆದಾಯ ನೋಡಿ ಶುಲ್ಕ ಪಡೆಯುವ ಸಮುದಾಯ ಆರೋಗ್ಯ ಕೇಂದ್ರಗಳೇ ಹತ್ತಿರದ ದಾರಿ.

ದಿನವೂ ನುಂಗುವ ಮಾತ್ರೆಯ ಪೂರ್ಣ ರಕ್ಷಣೆಗೆ ಗುದ ಸಂಭೋಗದಲ್ಲಿ ಸುಮಾರು 7 ದಿನ, ಯೋನಿ ಸಂಭೋಗದಲ್ಲಿ ಸುಮಾರು 21 ದಿನ ಬೇಕು. ಹೆಪಟೈಟಿಸ್ ಬಿ ಇರುವವರು ವೈದ್ಯರನ್ನು ಕೇಳದೆ ನಿಲ್ಲಿಸಿದರೆ ಯಕೃತ್ತಿನ ಉರಿಯೂತ ಉಲ್ಬಣಿಸಬಹುದು. ಅಪಾಯ ಈಗಾಗಲೇ ಆಗಿಹೋಗಿದ್ದರೆ ಪ್ರೆಪ್ ಸಾಲದು. 72 ಗಂಟೆಯೊಳಗೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ ಅಪಾಯದ ನಂತರ ಸೋಂಕು ತಡೆಯಲು ಕೊಡುವ 28 ದಿನಗಳ ಔಷಧ, ಪೆಪ್, ಕೇಳಬೇಕು.