ಕರೆಂಟ್ ಎಲ್ಲಿಗೆ ಕೊಡಬೇಕು?

ನಮ್ಮ ಕಡೆ ರೇಡಿಯೇಶನ್ ಚಿಕಿತ್ಸೆಗೆ ‘ಕರೆಂಟ್ ಕೊಡೋದು’ ಅಂತಾರೆ. ಎಷ್ಟು ಕರೆಂಟ್, ಎಷ್ಟು ದಿನ ಅಂತ ರೋಗಿಯ ಮನೆಯವರು ಕೇಳುತ್ತಾರೆ. ಡಾಕ್ಟರ ತಲೆ ತಿನ್ನುವ ಪ್ರಶ್ನೆ ಬೇರೆ. ಎಲ್ಲಿಗೆ ಕೊಡಬೇಕು? ಗಡ್ಡೆ ಎಲ್ಲಿ ಮುಗಿಯಿತು, ಒಳ್ಳೆಯ ಮಾಂಸ ಎಲ್ಲಿ ಶುರುವಾಯಿತು?

ಮೊದಮೊದಲು ಇದು ಕಾಣುತ್ತಲೇ ಇರಲಿಲ್ಲ. ಗರ್ಭಕಂಠದ ಕ್ಯಾನ್ಸರ್‌ಗೆ ಒಳಗೇ ರೇಡಿಯಂ ಇಟ್ಟು ಚಿಕಿತ್ಸೆ ಕೊಡುತ್ತಿದ್ದ ಕಾಲ. 1938ರಲ್ಲಿ ಮ್ಯಾಂಚೆಸ್ಟರಿನವರು ಒಂದು ಲೆಕ್ಕ ಹಾಕಿದರು. ಯೋನಿಯ ಮೇಲ್ತುದಿಯಿಂದ 2 ಸೆಂ.ಮೀ. ಮೇಲಕ್ಕೆ, ಗರ್ಭಕೋಶದ ನಾಳದಿಂದ 2 ಸೆಂ.ಮೀ. ಪಕ್ಕಕ್ಕೆ ಒಂದು ಬಿಂದು. ಹೆಸರು ‘ಎ’. ಡೋಸ್ ಲೆಕ್ಕವೆಲ್ಲ ಆ ಬಿಂದುವಿಗೆ. ಗಡ್ಡೆ ಕಡಲೆಕಾಳಿನಷ್ಟಿರಲಿ, ನಿಂಬೆಹಣ್ಣಿನಷ್ಟಿರಲಿ, ಬಿಂದು ಅದೇ. ನಗಬೇಡಿ, ಇದೇ ಲೆಕ್ಕ ಎಷ್ಟೋ ದಶಕ ಹೆಂಗಸರ ಜೀವ ಉಳಿಸಿತು.

1971ರಲ್ಲಿ ಲಂಡನ್ನಿನಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಸಿಟಿ ಸ್ಕ್ಯಾನ್ ಬಂತು. ದೇಹವನ್ನು ಬಿಲ್ಲೆ ಬಿಲ್ಲೆಯಾಗಿ ನೋಡಬಹುದಾಯಿತು. ಇನ್ನೊಂದು ಲಾಭವೂ ಇತ್ತು. ಎಕ್ಸ್‌ರೇಯನ್ನು ಯಾವ ಜಾಗ ಎಷ್ಟು ತಡೆಯುತ್ತದೆ ಅನ್ನುವುದನ್ನು ಸಿಟಿ ಅಂಕಿಯಲ್ಲೇ ಹೇಳುತ್ತದೆ. ಡೋಸ್ ಲೆಕ್ಕಕ್ಕೆ ಬೇಕಾದದ್ದೇ ಅದು. ತೊಂದರೆ ಏನೆಂದರೆ, ಮೆತ್ತನೆಯ ಅಂಗಗಳೆಲ್ಲ ಸಿಟಿಯಲ್ಲಿ ಹೆಚ್ಚುಕಡಿಮೆ ಒಂದೇ ಬೂದಿ ಬಣ್ಣ.

ಆ ಬಣ್ಣ ಬೇರೆ ಮಾಡಿದ್ದು ಎಂಆರ್‌ಐ. ದೇಹದೊಳಗಿನ ಹೈಡ್ರೋಜನ್ ಆಯಸ್ಕಾಂತದಲ್ಲಿ ಹೇಗೆ ಮಿಡಿಯುತ್ತದೆ ಅಂತ ಕೇಳಿಸಿಕೊಳ್ಳುವ ವಿದ್ಯೆ ಇದು. ಇದರ ಬೇರಿನ ಹತ್ತಿರ ನಮ್ಮ ಬೆಂಗಳೂರೂ ಇದೆ. ಹರಿಯುವ ದ್ರವದಲ್ಲಿ ಈ ಮಿಡಿತ ಹೇಗಿರುತ್ತದೆ ಅಂತ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ 1951ರಲ್ಲೇ ಬರೆದಿದ್ದರು. ಗಡ್ಡೆಯ ಮಿಡಿತ ಒಳ್ಳೆಯ ಮಾಂಸದಂತಿಲ್ಲ ಅಂತ 1971ರಲ್ಲಿ ಇಲಿಗಳಲ್ಲಿ ತೋರಿಸಿದವರು ಅಮೆರಿಕದ ರೇಮಂಡ್ ಡಮೇಡಿಯನ್. ಅದರಿಂದ ಚಿತ್ರ ತೆಗೆಯುವ ದಾರಿಯನ್ನು 1973ರಲ್ಲಿ ಪಾಲ್ ಲಾಟರ್ಬರ್ ಹೇಳಿದರು. 2003ರ ನೊಬೆಲ್ ಲಾಟರ್ಬರ್‌ಗೂ ಪೀಟರ್ ಮ್ಯಾನ್ಸ್‌ಫೀಲ್ಡ್‌ಗೂ ಸಿಕ್ಕಿತು. ಡಮೇಡಿಯನ್ ಸಿಟ್ಟಾಗಿ ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಹಾಕಿಸಿದರು!

ಹಾಗಾದರೆ ಸಿಟಿ ಬಿಟ್ಟು ಎಂಆರ್‌ಐ ಹಿಡಿದರಾಯಿತು, ಅಲ್ವಾ? ಅಷ್ಟು ಸುಲಭ ಅಲ್ಲ. ಎಂಆರ್‌ಐಯಲ್ಲಿ ಗಟ್ಟಿ ಮೂಳೆಯೂ ಕಪ್ಪು, ಗಾಳಿಯೂ ಕಪ್ಪು. ಎಕ್ಸ್‌ರೇಗೆ ಇವೆರಡೂ ಪೂರ್ತಿ ವಿರುದ್ಧ. ಡೋಸ್ ಲೆಕ್ಕ ಹಾಕುವುದು ಹೇಗೆ? ಅದಕ್ಕೇ ಎರಡನ್ನೂ ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂರಿಸುತ್ತಾರೆ, ಇದೇ ಫ್ಯೂಷನ್. ಎಂಆರ್‌ಐ ನೋಡಿಕೊಂಡು ಗಡ್ಡೆಯ ಸುತ್ತ ಗೆರೆ ಎಳೆಯುವುದು, ಸಿಟಿಯಿಂದ ಲೆಕ್ಕ. ಆದರೆ ಎರಡು ಸ್ಕ್ಯಾನ್ ನಡುವೆ ಮೂತ್ರಕೋಶ ತುಂಬಿರುತ್ತದೆ, ಹೊಟ್ಟೆಯಲ್ಲಿ ಗ್ಯಾಸ್ ಆಡಿರುತ್ತದೆ. ಒಳಗಿನ ಅಂಗ ಕೆಲವು ಮಿಲಿಮೀಟರ್ ಸರಿದರೂ ಸಾಕು, ಗೆರೆ ತಪ್ಪುತ್ತದೆ.

ಇಷ್ಟು ಒದ್ದಾಟ ಯಾಕೆ ಅಂದರೆ ಪ್ರಾಸ್ಟೇಟ್ ನೋಡಿ, ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ. ಸಿಟಿ ನೋಡಿ ಎಳೆದ ಗೆರೆ, ಎಂಆರ್‌ಐ ನೋಡಿ ಎಳೆದದ್ದಕ್ಕಿಂತ ಸುಮಾರು ಮೂರನೇ ಒಂದು ಭಾಗ ದೊಡ್ಡದಾಗಿರುತ್ತದೆ ಅಂತ 1990ರ ದಶಕದ ಅಧ್ಯಯನಗಳು ಹೇಳಿದವು. ಆ ಹೆಚ್ಚಿನ ಜಾಗದಲ್ಲಿ ಇರುವುದು ಒಳ್ಳೆಯ ಅಂಗಗಳೇ. ಸುಮ್ನೆ ಸುಡುತ್ತವೆ.

ಗರ್ಭಕಂಠದ ವಿಷಯದಲ್ಲಂತೂ ಬದಲಾವಣೆ ದೊಡ್ಡದು. ವಿಯೆನ್ನಾದ ರಿಚರ್ಡ್ ಪೊಟರ್ ಮತ್ತವರ ಜೊತೆಯವರು ‘ಎ’ ಬಿಂದು ಬದಿಗಿಟ್ಟು, ಎಂಆರ್‌ಐಯಲ್ಲಿ ಕಂಡ ಗಡ್ಡೆಗೇ ಡೋಸ್ ಹೊಂದಿಸುವ ಕ್ರಮ ತಂದರು. 2008ರಲ್ಲಿ ಶುರುವಾದ ಎಂಬ್ರೇಸ್ ಅಧ್ಯಯನದಲ್ಲಿ ಮುಂಬೈನ ಟಾಟಾ ಮೆಮೋರಿಯಲ್ ಕೂಡ ಇತ್ತು. 2021ರಲ್ಲಿ ಬಂದ ಫಲಿತಾಂಶ: ಐದು ವರ್ಷದ ನಂತರವೂ ಶೇ 92 ಮಂದಿಯಲ್ಲಿ ಗಡ್ಡೆ ಅದೇ ಜಾಗದಲ್ಲಿ ಮರಳಿರಲಿಲ್ಲ.

ಚಿಕಿತ್ಸೆ ಕೊಡುತ್ತಲೇ ಎಂಆರ್‌ಐ ನೋಡಿದರೆ? ಇದು ನೆದರ್‌ಲೆಂಡ್ಸ್‌ನ ಉಟ್ರೆಕ್ಟಿನಲ್ಲಿ ಯಾನ್ ಲಾಗೆನ್‌ಡೈಕ್ ತಂಡದ ಹಠ. ಕರೆಂಟ್ ಕೊಡುವ ಲಿನಾಕ್ ಯಂತ್ರ ಕಿರಣ ಹುಟ್ಟಿಸಲು ಎಲೆಕ್ಟ್ರಾನ್ ಓಡಿಸುತ್ತದೆ, ಆಯಸ್ಕಾಂತ ಅದನ್ನು ಬಾಗಿಸುತ್ತದೆ. ಎರಡಕ್ಕೂ ಆಗಿಬರುವುದಿಲ್ಲ. ದೇಹದಿಂದ ಗಾಳಿಗೆ ಹಾರಿದ ಎಲೆಕ್ಟ್ರಾನ್ ಕೂಡ ಬಾಗಿ ಬಂದು ಅದೇ ಚರ್ಮಕ್ಕೆ ಬಡಿಯುತ್ತದೆ. ಇದನ್ನೆಲ್ಲ ಪಳಗಿಸಿ ಅವರು ಮೊದಲ ರೋಗಿಗೆ ಚಿಕಿತ್ಸೆ ಕೊಡುವಷ್ಟರಲ್ಲಿ 2017 ಆಗಿತ್ತು. ಅಷ್ಟರೊಳಗೆ, 2014ರಲ್ಲೇ, ಅಮೆರಿಕದ ಸೇಂಟ್ ಲೂಯಿಸ್‌ನವರು ವ್ಯೂರೇ ಕಂಪನಿಯ ಯಂತ್ರದಿಂದ ಶುರು ಮಾಡಿಬಿಟ್ಟಿದ್ದರು. ಅದರಲ್ಲಿ ಲಿನಾಕ್ ಬದಲು ತಾನಾಗೇ ಕಿರಣ ಸೂಸುವ ಕೋಬಾಲ್ಟ್ ಇಟ್ಟಿದ್ದರು, ಎಲೆಕ್ಟ್ರಾನ್ ಓಡಿಸುವ ಗೋಜೇ ಇಲ್ಲ. ಜಾಣರು.

ಲಾಭ ಆಯಿತೇ? 2023ರ ಮಿರಾಜ್ ಅಧ್ಯಯನದಲ್ಲಿ ಪ್ರಾಸ್ಟೇಟ್ ಸುತ್ತ ಬಿಡುವ ಮಾರ್ಜಿನ್ 4 ಮಿ.ಮೀ.ನಿಂದ 2ಕ್ಕೆ ಇಳಿಯಿತು. ಚಿಕಿತ್ಸೆಯಾದ ಹೊಸದರಲ್ಲಿ ಕಾಡುವ, ಮಧ್ಯಮ ಇಲ್ಲವೇ ಅದಕ್ಕಿಂತ ಜೋರಾದ ಮೂತ್ರದ ತೊಂದರೆ ಶೇ 43ರಿಂದ 24ಕ್ಕೆ ಬಂತು. ಅದೇ ವರ್ಷ ವ್ಯೂರೇ ದಿವಾಳಿ ಅರ್ಜಿ ಹಾಕಿತು. ಇಂಥ ಯಂತ್ರ ಕೊಳ್ಳುವ ಶಕ್ತಿ ಎಷ್ಟು ಆಸ್ಪತ್ರೆಗಳಿಗಿದೆ?

ಹಾಗಾಗಿ ಜಾಸ್ತಿ ಕಡೆ ಇವತ್ತಿಗೂ ಫ್ಯೂಷನ್ನೇ ಗತಿ. ಪ್ಲಾನಿಂಗ್ ಸ್ಕ್ಯಾನಿಗೆ ಬರುವಾಗ ‘ಎರಡು ಸಲವೂ ಇಷ್ಟೇ ನೀರು ಕುಡಿದು ಬನ್ನಿ’ ಅಂತ ಲೋಟ ಲೆಕ್ಕ ಹೇಳಿ ಕಳಿಸುವುದು ಅದಕ್ಕೇ.