ಅಂಗಾಲಿನ ಮದ್ದು ಅಲ್ಲಿಗೆ ಬೇಡ

ಸ್ನಾನ ಮಾಡುವಾಗ ಗುಪ್ತಾಂಗದ ಚರ್ಮದ ಮೇಲೆ ಸಣ್ಣ ಗುಳ್ಳೆಗಳು ಕಣ್ಣಿಗೆ ಬೀಳುತ್ತವೆ. ನೋವಿಲ್ಲ, ತುರಿಕೆಯಿಲ್ಲ. ಆದರೂ ಎದೆ ಧಸಕ್ಕೆನ್ನುತ್ತದೆ. ಯಾವುದೋ ಲೈಂಗಿಕ ರೋಗ ಅಂಟಿತು ಅಂತ ಮನಸ್ಸು ತೀರ್ಮಾನ ಮಾಡಿಬಿಡುತ್ತದೆ. ಯಾರ ಹತ್ತಿರ ಹೇಳಿಕೊಳ್ಳುವುದು? ಬಾಗಿಲು ಹಾಕಿಕೊಂಡು ಚಿವುಟುವುದು, ಬೆಳ್ಳುಳ್ಳಿ ಅರೆದು ಹಚ್ಚುವುದು, ಟೂತ್‌ಪೇಸ್ಟ್ ಬಳಿಯುವುದು, ದಾರ ಕಟ್ಟಿ ಬಿಗಿಯುವುದು ಶುರುವಾಗುತ್ತದೆ. ಗುಳ್ಳೆಯಿಂದ ಏನೂ ಆಗಿರುವುದಿಲ್ಲ, ಮದ್ದಿನಿಂದ ಹುಣ್ಣಾಗುತ್ತದೆ. ನನ್ನನ್ನು ತುಂಬಾ ಕಾಡುವ ಸಂಗತಿ ಇದು.

ಇಂಥ ಗುಳ್ಳೆಗಳಲ್ಲಿ ಬಹಳಷ್ಟು ರೋಗವೇ ಅಲ್ಲ. ಹಳದಿ ಮಿಶ್ರಿತ ಬಿಳಿ ಚುಕ್ಕೆಗಳನ್ನೇ ತಗೊಳ್ಳಿ. ಅಮೆರಿಕದ ಚರ್ಮವೈದ್ಯ ಜಾನ್ ಅಡಿಸನ್ ಫೋರ್ಡೈಸ್ 1896ರಲ್ಲಿ ತುಟಿ ಮತ್ತು ಬಾಯಿಯೊಳಗೆ ಇವನ್ನು ಕಂಡು, ವಿಚಿತ್ರವಾದ ಒಂದು ತೊಂದರೆ ಅಂತ ವರ್ಣಿಸಿದರು. ಅದು ತೊಂದರೆಯಲ್ಲ ಅಂತ ಆಮೇಲೆ ಗೊತ್ತಾಯಿತು, ಆದರೆ ಫೋರ್ಡೈಸ್ ಚುಕ್ಕೆ ಅನ್ನುವ ಹೆಸರು ಹಾಗೇ ಉಳಿಯಿತು. ಇವು ಬರೀ ಎಣ್ಣೆಗ್ರಂಥಿಗಳು. ಮೈಯ ಬೇರೆ ಕಡೆ ಇಂಥ ಗ್ರಂಥಿ ಕೂದಲಿನ ಬುಡಕ್ಕೆ ಅಂಟಿಕೊಂಡಿರುತ್ತದೆ, ಎಣ್ಣೆ ಕೂದಲಿನ ಗುಂಟ ಮೇಲೆ ಬರುತ್ತದೆ. ತುಟಿಯಲ್ಲೂ ಗುಪ್ತಾಂಗದಲ್ಲೂ ಕಾಣುವ ಈ ಚುಕ್ಕೆಗಳಲ್ಲಿ ಕೂದಲಿಲ್ಲ, ಗ್ರಂಥಿ ಮಾತ್ರ ಇದೆ. ತೆಳು ಚರ್ಮದ ಕೆಳಗೆ ಅದು ಹಾಗೇ ಕಾಣುತ್ತದೆ, ಅಷ್ಟೇ. ಹೆಂಗಸರಿಗೂ ಗಂಡಸರಿಗೂ ಇರುತ್ತದೆ. ಹರೆಯದಲ್ಲಿ ಹಾರ್ಮೋನ್ ಏರಿದಾಗ ಎದ್ದು ಕಾಣುವುದರಿಂದ, ಹಸ್ತಮೈಥುನದಿಂದಲೇ ಬಂತು ಅಂತ ಎಷ್ಟೋ ಹುಡುಗರು ತಮ್ಮನ್ನೇ ಬೈದುಕೊಳ್ಳುತ್ತಾರೆ. ಅದಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ.

ಶಿಶ್ನದ ತುದಿಯ ಅಂಚಿಗೆ ಮುತ್ತಿನ ಸರದಂತೆ ಸಾಲಾಗಿ ಕೂರುವ, 1ರಿಂದ 3 ಮಿಲಿಮೀಟರ್ ಅಳತೆಯ ಬೊಕ್ಕೆಗಳೂ ಹೀಗೇ. ಹೆಂಗಸರಲ್ಲಿ ಯೋನಿದ್ವಾರದ ಒಳಬದಿಯಲ್ಲಿ ಮೆತ್ತನೆಯ ಸಣ್ಣ ಕುಚ್ಚುಗಳಿರುತ್ತವೆ. ಇವೆರಡೂ ಅಂಟುವುದಿಲ್ಲ. ನೋಡಿದವರು ನರಹುಲಿ ಅಂತ ತಪ್ಪು ತಿಳಿಯುತ್ತಾರೆ. ಒಂದು ಗುರುತು ಹೇಳುತ್ತೇನೆ. ಸಹಜ ಕುಚ್ಚುಗಳಲ್ಲಿ ಪ್ರತಿಯೊಂದಕ್ಕೂ ಬುಡ ಬೇರೆ ಬೇರೆ ಇರುತ್ತದೆ. ನರಹುಲಿಯಲ್ಲಿ ಹಲವು ಮೊನೆಗಳು ಒಂದೇ ಬುಡಕ್ಕೆ ಸೇರಿ ಹೂಕೋಸಿನಂತೆ ಕಾಣುತ್ತವೆ.

ಈಗ ನನಗೆ ತುಂಬಾ ಇಷ್ಟದ ಭಾಗಕ್ಕೆ ಬರುತ್ತೇನೆ. ಕಾಲಿನ ನರಹುಲಿಗೆ ಹಚ್ಚುವ ಸ್ಯಾಲಿಸಿಲಿಕ್ ಆಮ್ಲವನ್ನು ಇಲ್ಲಿಗೆ ಯಾಕೆ ಹಚ್ಚಬಾರದು?

ಚರ್ಮದ ಅತಿ ಮೇಲಿನ ಪದರ ಅಂದರೆ ಸತ್ತ ಜೀವಕೋಶಗಳ ಗೋಡೆ. ಕೋಶಗಳೇ ಇಟ್ಟಿಗೆ, ನಡುವಿನ ಕೊಬ್ಬೇ ಗಾರೆ. ಹಿಮ್ಮಡಿಯಲ್ಲಿ ಈ ಇಟ್ಟಿಗೆಗಳು ಸುಮಾರು 86 ಸಾಲು ಇರುತ್ತವೆ. ತೋಳು-ತೊಡೆಗಳಲ್ಲಿ ಸುಮಾರು 15. ಜನನಾಂಗದ ಚರ್ಮದಲ್ಲಿ ಬರೀ 6! ಒಂದು ಕೋಟೆಗೋಡೆ, ಇನ್ನೊಂದು ಬಿದಿರಿನ ತಟ್ಟಿ. ಇನ್ನೊಂದು ರೀತಿ ಹೇಳುವುದಾದರೆ, ಗೋಣಿಚೀಲದ ಮೇಲೆ ಸುರಿದ ನೀರಿಗೂ ಮಲ್ಲು ಬಟ್ಟೆಯ ಮೇಲೆ ಸುರಿದ ನೀರಿಗೂ ಇರುವ ವ್ಯತ್ಯಾಸ. ಕೋಟೆಗೋಡೆಯನ್ನು ಕರಗಿಸಲೆಂದು ಮಾಡಿದ ಆಮ್ಲವನ್ನು ತಟ್ಟಿಯ ಮೇಲೆ ಸುರಿದರೆ ಒಳಗಿನ ಜೀವಂತ ಚರ್ಮ ಸುಡದೆ ಇರುತ್ತದೆಯೇ?

ಇದನ್ನು ಅಳೆದು ನೋಡಿದವರಿದ್ದಾರೆ. 1967ರಲ್ಲಿ ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬ ಇಬ್ಬರು ಅಮೆರಿಕದ ಸಂಶೋಧಕರು ಉರಿಯೂತ ಇಳಿಸುವ ಸ್ಟೆರಾಯ್ಡ್ ಮದ್ದಿಗೆ ವಿಕಿರಣದ ಗುರುತು ಹಾಕಿ, ಅದನ್ನು ಮೈಯ ಬೇರೆ ಬೇರೆ ಜಾಗಕ್ಕೆ ಹಚ್ಚಿದರು. ಎಷ್ಟು ಒಳಗೆ ಇಳಿಯಿತು ಅಂತ ಮೂತ್ರದಲ್ಲಿ ಅಳೆದರು. ಮುಂಗೈಯಲ್ಲಿ ಇಳಿದದ್ದನ್ನು 1 ಅಂತ ಇಟ್ಟುಕೊಂಡರೆ ಅಂಗಾಲಿನಲ್ಲಿ 0.14. ವೃಷಣದ ಚೀಲದ ಚರ್ಮದಲ್ಲಿ 42. ಅಂಗಾಲಿಗೂ ಇದಕ್ಕೂ 300 ಪಟ್ಟು ವ್ಯತ್ಯಾಸ! ಈ ಸಂಖ್ಯೆ ಮೊದಲ ಸಲ ಓದಿದಾಗ ನಾನು ಗಣಿತ ತಪ್ಪಿರಬೇಕು ಅಂತ ಮತ್ತೊಮ್ಮೆ ಭಾಗಾಕಾರ ಮಾಡಿದೆ.

ಆದ್ದರಿಂದಲೇ ತುರಿಕೆಗೆ ಅಂತ ಸುಮ್ನೆ ಕೊಂಡು ತರುವ, ಸ್ಟೆರಾಯ್ಡ್ ಬೆರೆತ ಮುಲಾಮಿನ ಬಗ್ಗೆ ನನಗೆ ಜಾಸ್ತಿ ಭಯ. ಹಚ್ಚಿದ ಕೂಡಲೇ ಕೆಂಪು ಇಳಿಯುತ್ತದೆ, ಹಾಯೆನಿಸುತ್ತದೆ. ವಾರಗಟ್ಟಲೆ ಹಚ್ಚಿದರೆ ಮೊದಲೇ ತೆಳುವಾದ ಚರ್ಮ ಇನ್ನೂ ತೆಳುವಾಗುತ್ತದೆ, ರಕ್ತನಾಳಗಳು ಎದ್ದು ಕಾಣುತ್ತವೆ. ಅಲ್ಲಿ ಇದ್ದದ್ದು ಹುಳುಕಡ್ಡಿಯಾಗಿದ್ದರೆ ಅದು ಸದ್ದಿಲ್ಲದೆ ಹರಡುತ್ತದೆ.

ಹಾಗಾದರೆ ಸುರಕ್ಷಿತ ಚಿಕಿತ್ಸೆ ಯಾವುದು? ಫೋರ್ಡೈಸ್ ಚುಕ್ಕೆಗೆ, ಮುತ್ತಿನ ಸಾಲಿಗೆ, ಸಹಜ ಕುಚ್ಚಿಗೆ ಏನೂ ಬೇಡ. ನೋಡಿದರೆ ಮನಸ್ಸಿಗೆ ತುಂಬಾ ಕಿರಿಕಿರಿ ಅನ್ನುವವರಿಗೆ ಚರ್ಮವೈದ್ಯರು ಮರಗಟ್ಟಿಸುವ ಮದ್ದು ಕೊಟ್ಟು, ಕಾರ್ಬನ್ ಡೈಆಕ್ಸೈಡ್ ಲೇಸರ್‌ನಿಂದಲೋ ವಿದ್ಯುತ್ತಿನ ಸೂಜಿಯಿಂದಲೋ ತೆಗೆಯಬಲ್ಲರು. ಕಲೆ ಉಳಿಯಬಹುದು, ಬಣ್ಣ ಬದಲಾಗಬಹುದು. ಅದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ನನ್ನನ್ನು ಕೇಳಿದರೆ, ಆರೋಗ್ಯವಾಗಿರುವ ಗ್ರಂಥಿಯನ್ನು ಸುಡಿಸಿಕೊಳ್ಳುವುದಕ್ಕಿಂತ ಅದರ ಗುರುತು ಹಿಡಿದು ಬಿಟ್ಟುಬಿಡುವುದು ಮೇಲು.

ನಿಜವಾದ ನರಹುಲಿ ಆಗಿದ್ದರೆ ಕಥೆ ಬೇರೆ. ಅದು ಎಚ್‌ಪಿವಿ ವೈರಸ್‌ನಿಂದ, ಹೆಚ್ಚಾಗಿ ಅದರ 6 ಮತ್ತು 11ನೇ ಬಗೆಯಿಂದ ಬರುತ್ತದೆ. ಅದಕ್ಕೆ ಹಚ್ಚುವ ಮದ್ದೇ ಬೇರೆ ಇದೆ, ತೀವ್ರ ತಣ್ಣನೆಯ ಸಾರಜನಕದಿಂದ ಸುಡುವ ವಿಧಾನವೂ ಇದೆ. ನಡುವೆ ಹೊಕ್ಕುಳಿನಂತೆ ಗುಳಿ ಬಿದ್ದ ಮಿನುಗುವ ಗುಳ್ಳೆಯಾದರೆ ಅದು ಮೊಲಸ್ಕಮ್ ಎಂಬ ವೈರಸ್ ಸೋಂಕು ಇರಬಹುದು. ಅದೂ ಅಂಟುತ್ತದೆ.

ಗುಳ್ಳೆ ಬೆಳೆಯುತ್ತಿದ್ದರೆ, ರಕ್ತ ಬರುತ್ತಿದ್ದರೆ, ಹುಣ್ಣಾಗಿ ವಾಸಿಯಾಗದಿದ್ದರೆ, ನೋಯುತ್ತಿದ್ದರೆ, ಬಣ್ಣ ಬದಲಾದರೆ ತಡ ಮಾಡಬೇಡಿ. ವೈದ್ಯರು ಡರ್ಮೋಸ್ಕೋಪ್ ಎಂಬ, ದೀಪ ಇರುವ ಭೂತಕನ್ನಡಿಯಲ್ಲಿ ನೋಡುತ್ತಾರೆ. ಮುತ್ತಿನ ಸಾಲು ಅದರಲ್ಲಿ ದ್ರಾಕ್ಷಿ ಗೊಂಚಲಿನಂತೆ, ಪ್ರತಿ ಹಣ್ಣಿನ ನಡುವೆ ಒಂದು ಸಣ್ಣ ರಕ್ತನಾಳದೊಂದಿಗೆ ಕಾಣುತ್ತದೆ. ಎಷ್ಟೋ ಸಲ ಇಷ್ಟರಲ್ಲೇ ಉತ್ತರ ಸಿಕ್ಕಿಬಿಡುತ್ತದೆ, ಸೂಜಿಯೂ ಬೇಡ, ಕತ್ತರಿಯೂ ಬೇಡ. ಹೋಗುವ ಮುಂಚೆ ಎರಡು ದಿನ ಅಲ್ಲಿಗೆ ಏನನ್ನೂ ಹಚ್ಚಬೇಡಿ. ಮುಲಾಮು ಬಳಿದ ಚರ್ಮದಲ್ಲಿ ಗುಳ್ಳೆಯ ನಿಜವಾದ ಆಕಾರ ಕಾಣುವುದಿಲ್ಲ. ಈಗಾಗಲೇ ಹಚ್ಚಿದ್ದರೆ ಆ ಟ್ಯೂಬನ್ನೂ ಜೊತೆಗೆ ತಗೊಂಡು ಹೋಗಿ ತೋರಿಸಿ.