ನೆರವಿನ ಲಾರಿಗೆ ದಾರಿ ಹೇಳುವವರು ಯಾರು?

ನಿರಾಶ್ರಿತರ ಶಿಬಿರವೊಂದರಲ್ಲಿ ಒಂದು ನಲ್ಲಿ ಇದೆ ಎಂದುಕೊಳ್ಳೋಣ. ಅದರಿಂದ ನಿಮಿಷಕ್ಕೆ ಏಳೂವರೆ ಲೀಟರ್ ನೀರು ಬರುತ್ತದೆ. ಕುಡಿಯಲು, ಅಡುಗೆಗೆ, ಮೈ ತೊಳೆಯಲು ಎಲ್ಲ ಸೇರಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಬೇಕು. ಐದು ಜನರ ಸಂಸಾರಕ್ಕೆ 75 ಲೀಟರ್ ಆಯಿತು. ಅಷ್ಟನ್ನು ತುಂಬಿಕೊಳ್ಳಲು ಹತ್ತು ನಿಮಿಷ ಬೇಕು. ಐವತ್ತು ಸಂಸಾರಗಳು, ಅಂದರೆ 250 ಜನ, ಆ ಒಂದೇ ನಲ್ಲಿಯನ್ನು ನೆಚ್ಚಿಕೊಂಡರೆ ಅದು ದಿನಕ್ಕೆ ಎಂಟು ಗಂಟೆ ಇಪ್ಪತ್ತು ನಿಮಿಷ ಬಿಡುವಿಲ್ಲದೆ ಸುರಿಯಬೇಕು. ಪಕ್ಕದ ಊರಿನವರೂ ಬಂದು ಸೇರಿ ಶಿಬಿರದ ಜನ 400 ಆದರೆ ಹದಿಮೂರು ಗಂಟೆ ಇಪ್ಪತ್ತು ನಿಮಿಷವಾಗುತ್ತದೆ. ಆಗ ಕೊನೆಯ ಸರದಿಯ ಹೆಣ್ಣುಮಕ್ಕಳು ಕತ್ತಲಾದ ಮೇಲೆ ಕೊಡ ಹಿಡಿದು ಗುರುತಿಲ್ಲದ ಜನರ ನಡುವೆ ಹಾದು ಹೋಗಬೇಕಾಗುತ್ತದೆ, ಇಲ್ಲವೇ ಹತ್ತಿರದ ಹಳ್ಳದ ನೀರನ್ನೇ ತುಂಬಿಕೊಂಡು ಬರುತ್ತಾರೆ. ವಾಂತಿಭೇದಿ ಶುರುವಾಗುವುದು ಇಂಥ ಕಡೆಯಿಂದಲೇ.

ಈ ಲೆಕ್ಕ ನನ್ನ ಕಲ್ಪನೆಯದಲ್ಲ. ರೆಡ್ ಕ್ರಾಸ್ ಚಳವಳಿಯೂ ಹಲವು ಸ್ವಯಂಸೇವಾ ಸಂಸ್ಥೆಗಳೂ ಸೇರಿ 1997ರಲ್ಲಿ ಆರಂಭಿಸಿದ ‘ಸ್ಫಿಯರ್’ ಯೋಜನೆಯ ಮಾನದಂಡಗಳಲ್ಲಿ ಒಂದು ನಲ್ಲಿಗೆ 250 ಜನ, ಒಂದು ಶೌಚಾಲಯಕ್ಕೆ 20 ಜನ, ಒಬ್ಬರಿಗೆ ಕನಿಷ್ಠ ಮೂರೂವರೆ ಚದರ ಮೀಟರ್ ಸೂರು, ನೀರಿನ ಸರದಿಯಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಕಾಯುವಂತಿರಬಾರದು ಎಂಬಂಥ ಅಂಕಿಗಳು ಇವೆ. ಅರ್ಧ ಗಂಟೆ ಎಂದರೆ ನಮ್ಮ ನಲ್ಲಿಯ ಮುಂದೆ ಮೂರೇ ಸಂಸಾರಗಳ ಸರದಿ ಎಂದು ಲೆಕ್ಕ ಹಾಕಿದಾಗ, ನಲ್ಲಿ ಹಾಕಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ, ಯಾವ ಸಾಲಿನ ಡೇರೆಯವರು ಯಾವ ಹೊತ್ತಿಗೆ ಬರಬೇಕು ಎಂಬುದನ್ನೂ ಯಾರಾದರೂ ಕೂತು ಗೊತ್ತುಮಾಡಬೇಕು ಎಂಬುದು ಸ್ಪಷ್ಟವಾಗುತ್ತದೆ. ವಿಪತ್ತಿನ ನಂತರದ ಸಮನ್ವಯ ಎಂಬ ದೊಡ್ಡ ಮಾತಿನ ಒಳಗಿರುವುದು ಈ ಬಗೆಯ ಸಣ್ಣ ಲೆಕ್ಕಗಳೇ. ಎಷ್ಟು ಜನ ಇದ್ದಾರೆ, ಎಲ್ಲಿದ್ದಾರೆ, ಅವರಿಗೆ ಏನು ಬೇಕು, ಯಾರು ಆಗಲೇ ಏನು ಕೊಟ್ಟಿದ್ದಾರೆ ಎಂಬ ಮಾಹಿತಿ ಸಂತ್ರಸ್ತರ ಕಡೆಯಿಂದ ಹೊರಟು ಬರದಿದ್ದರೆ, ಅವರ ಕಡೆಗೆ ಹೊರಟ ನೆರವು ಎಷ್ಟೇ ದೊಡ್ಡದಿದ್ದರೂ ದಾರಿ ತಪ್ಪುತ್ತದೆ.

1988ರ ಡಿಸೆಂಬರ್ 7ರಂದು ಅರ್ಮೇನಿಯಾದ ಸ್ಪಿತಾಕ್ ಪ್ರದೇಶದಲ್ಲಿ ಭೂಮಿ ನಡುಗಿ ಸುಮಾರು 25,000 ಜನ ಸತ್ತರು. ಜಗತ್ತು ಮರುಗಿತು. ಕನಿಷ್ಠ 5,000 ಟನ್ ಔಷಧಗಳು ಮತ್ತು ವೈದ್ಯಕೀಯ ಸಾಮಗ್ರಿ ಅಲ್ಲಿಗೆ ಬಂದು ಬಿದ್ದವು. ಅವನ್ನು ಬಿಡಿಸಿ, ವಿಂಗಡಿಸಿ, ಪಟ್ಟಿ ಮಾಡುವುದಕ್ಕೇ ಐವತ್ತು ಜನರಿಗೆ ಆರು ತಿಂಗಳು ಹಿಡಿಯಿತು. ಕೂಡಲೇ ಬಳಸಲು ಯೋಗ್ಯವಾಗಿದ್ದದ್ದು ಅದರಲ್ಲಿ ಶೇಕಡಾ 30ರಷ್ಟು ಮಾತ್ರ. ಅವಧಿ ಮುಗಿದವು, ಡಿಸೆಂಬರಿನ ಹಿಮದಲ್ಲಿ ಹೆಪ್ಪುಗಟ್ಟಿ ಕೆಟ್ಟವು, ಅಲ್ಲಿನ ವೈದ್ಯರಿಗೆ ಓದಲಾಗದ ಭಾಷೆಯ ಚೀಟಿ ಅಂಟಿಸಿಕೊಂಡವು ಉಳಿದವುಗಳ ನಡುವೆ ಸೇರಿಕೊಂಡಿದ್ದವು. ಸುಮಾರು ಐದನೆಯ ಒಂದು ಭಾಗವನ್ನು ಕೊನೆಗೆ ನಾಶಪಡಿಸಬೇಕಾಯಿತು. ಆ ಪೆಟ್ಟಿಗೆಗಳನ್ನು ಕಳಿಸಿದವರಲ್ಲಿ ಕೆಟ್ಟ ಮನಸ್ಸಿನವರು ಯಾರೂ ಇರಲಿಲ್ಲವೆಂದೇ ನಾನು ನಂಬುತ್ತೇನೆ. ಆದರೆ ನಿರುಪಯುಕ್ತ ಪೆಟ್ಟಿಗೆಯೂ ವಿಮಾನದಲ್ಲಿ ಜಾಗ ಹಿಡಿಯುತ್ತದೆ, ಗೋದಾಮಿನಲ್ಲಿ ಅಡ್ಡ ಕೂರುತ್ತದೆ, ಗಾಯಾಳುವಿನ ಬಳಿ ಇರಬೇಕಾದ ಔಷಧಿ ತಜ್ಞನನ್ನು ಚೀಟಿ ಓದುವ ಕೆಲಸಕ್ಕೆ ಎಳೆಯುತ್ತದೆ. ಇಂಥ ಅನುಭವಗಳ ಬಳಿಕ 1996ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಔಷಧ ದಾನಕ್ಕೆಂದೇ ಮಾರ್ಗಸೂಚಿ ಹೊರಡಿಸಿತು. ಕೇಳಿದ್ದನ್ನಷ್ಟೇ ಕಳಿಸಿ, ತಲುಪುವ ಹೊತ್ತಿಗೆ ಇನ್ನೂ ಒಂದು ವರ್ಷವಾದರೂ ಬಾಳಿಕೆ ಇರಲಿ, ಅಲ್ಲಿನವರು ಓದಬಲ್ಲ ಭಾಷೆಯಲ್ಲಿ ಔಷಧದ ಮೂಲ ಹೆಸರು ಇರಲಿ ಎಂಬ ಮಾತುಗಳು ಅದರಲ್ಲಿವೆ.

ವಿಪತ್ತು ನಡೆದ ಜಾಗಕ್ಕೆ ಜನ, ಸಾಮಾನು, ವಿಚಾರಣೆಗಳು ಒಮ್ಮೆಗೇ ನುಗ್ಗಿಬರುವ ಈ ವಿದ್ಯಮಾನವನ್ನು ಅಮೆರಿಕದ ಸಮಾಜಶಾಸ್ತ್ರಜ್ಞರಾದ ಚಾರ್ಲ್ಸ್ ಫ್ರಿಟ್ಜ್ ಮತ್ತು ಜೆ. ಎಚ್. ಮ್ಯಾಥ್ಯೂಸನ್ 1957ರಷ್ಟು ಹಿಂದೆಯೇ ಅಧ್ಯಯನ ಮಾಡಿ ಬರೆದಿದ್ದರು. ಕರುಣೆ ಹೆಚ್ಚಿದಷ್ಟೂ ನೂಕುನುಗ್ಗಲು ಹೆಚ್ಚುತ್ತದೆ, ಯಾಕೆಂದರೆ ಬರುವ ದಾರಿಗಳು ಎಣಿಕೆಯವು. 2001ರ ಜನವರಿ 26ರ ಬೆಳಿಗ್ಗೆ 8 ಗಂಟೆ 46 ನಿಮಿಷಕ್ಕೆ ಗುಜರಾತಿನ ಕಛ್ ಜಿಲ್ಲೆ ಕಂಪಿಸಿದಾಗ ಆದದ್ದೂ ಇದೇ. ಭುಜ್ ಪಟ್ಟಣದ ಸರ್ಕಾರಿ ಆಸ್ಪತ್ರೆಯೇ ಕುಸಿದುಬಿದ್ದಿತ್ತು. ಗಾಯಾಳುಗಳನ್ನು ಜ್ಯೂಬಿಲಿ ಮೈದಾನದಲ್ಲಿ ಬಯಲಲ್ಲೇ ಮಲಗಿಸಿ ಉಪಚರಿಸಬೇಕಾಯಿತು. ಕಛ್ ಅನ್ನು ಉಳಿದ ಗುಜರಾತಿಗೆ ಜೋಡಿಸುವ ಸೂರಜ್‌ಬಾರಿ ಸೇತುವೆಗೆ ಹಾನಿಯಾಗಿ ವಾಹನ ಸಂಚಾರಕ್ಕೆ ತೊಡಕಾಗಿತ್ತು. ಅದನ್ನು ದಾಟಿ ಬಂದ ಲಾರಿಗಳಿಗೆ ಮೊದಲು ಸಿಗುತ್ತಿದ್ದದ್ದು ಹೆದ್ದಾರಿ ಬದಿಯ ಊರುಗಳು. ದೂರದಿಂದ ಬಂದ, ಊರುಗಳ ಗುರುತಿಲ್ಲದ ದಾನಿಗೆ ಕಣ್ಣೆದುರಿನ ಕುಸಿದ ಮನೆಯೇ ಎಲ್ಲಕ್ಕಿಂತ ದೊಡ್ಡ ದುಃಖವಾಗಿ ಕಾಣುವುದು ಸಹಜ. ಹೀಗಾಗಿ ರಸ್ತೆ ಪಕ್ಕದಲ್ಲಿ ಹಳೆಬಟ್ಟೆಯ ರಾಶಿಗಳು ಬಿದ್ದುಕೊಂಡಿದ್ದರೆ, ಒಳನಾಡಿನ ಹಳ್ಳಿಗಳು ಹೊದಿಕೆಗಾಗಿ ದಾರಿ ಕಾಯುತ್ತಿದ್ದವು. ನಮ್ಮಲ್ಲಿ 2018ರಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಊರೂರಿನಿಂದ ನೆರವಿನ ಗಾಡಿಗಳು ಹೊರಟದ್ದನ್ನು ನೆನೆದರೆ ಈಗಲೂ ಮನಸ್ಸು ತುಂಬಿ ಬರುತ್ತದೆ, ಎಲ್ಲಿಗೆ ಹೋಗಬೇಕು, ಯಾರಿಗೆ ಕೊಡಬೇಕು ಎಂಬ ಇದೇ ಪ್ರಶ್ನೆ ಆ ಗಾಡಿಗಳಿಗೂ ಎದುರಾಗಿತ್ತು.

ಕಛ್‌ನಲ್ಲಿ ಈ ಪ್ರಶ್ನೆಗೆ ಉತ್ತರ ಸಿದ್ಧವಾಗಿದ್ದದ್ದು ಒಂದು ಹಳೆಯ ಪೆಟ್ಟಿನಿಂದ. 1998ರ ಜೂನ್‌ನಲ್ಲಿ ಕಾಂಡ್ಲಾ ಬಂದರಿಗೆ ಚಂಡಮಾರುತ ಅಪ್ಪಳಿಸಿದಾಗ ಜಿಲ್ಲೆಯ ಸ್ವಯಂಸೇವಾ ಸಂಸ್ಥೆಗಳು ಒಂದಾಗಿ ಕಛ್ ನವನಿರ್ಮಾಣ ಅಭಿಯಾನ ಎಂಬ ಒಕ್ಕೂಟ ಕಟ್ಟಿಕೊಂಡಿದ್ದವು. ಎರಡೂವರೆ ವರ್ಷದ ಬಳಿಕ ಭೂಕಂಪವಾದಾಗ ಅವರಿಗೆ ಪರಸ್ಪರ ಪರಿಚಯ ಇತ್ತು, ಯಾವ ಊರಿನಲ್ಲಿ ಯಾರನ್ನು ಕೇಳಬೇಕು ಎಂಬುದು ಗೊತ್ತಿತ್ತು. ಅವರು ಹಳ್ಳಿಗಳ ಗುಂಪುಗುಂಪಿಗೆ ಒಂದರಂತೆ ‘ಸೇತು’ ಎಂಬ ಕೇಂದ್ರಗಳನ್ನು ತೆರೆದರು. ಹೆಸರಿಗೆ ತಕ್ಕಂತೆ ಎರಡು ದಡಗಳ ನಡುವಿನ ಓಡಾಟವೇ ಅದರ ಕೆಲಸ. ಊರಿನಲ್ಲಿ ಎಷ್ಟು ಮನೆ ಬಿದ್ದಿವೆ, ಯಾರಿಗೆ ಏನು ಬಂದಿದೆ, ಇನ್ನೂ ಏನು ಬಂದಿಲ್ಲ ಎಂಬುದನ್ನು ಅಲ್ಲಿನವರು ಬರೆದಿಟ್ಟುಕೊಂಡು ಅಧಿಕಾರಿಗಳಿಗೂ ದಾನಿಗಳಿಗೂ ತಿಳಿಸುತ್ತಿದ್ದರು. ಸರ್ಕಾರದ ಆದೇಶ ಬಂದರೆ ಅದರ ಅರ್ಥವೇನು, ಪರಿಹಾರಕ್ಕೆ ಯಾವ ಕಾಗದ ಬೇಕು ಎಂಬುದನ್ನು ಊರಿನವರಿಗೆ ಬಿಡಿಸಿ ಹೇಳುತ್ತಿದ್ದರು. ಇದರಲ್ಲಿ ಯಾವ ದೊಡ್ಡ ಯಂತ್ರವೂ ಇಲ್ಲ. ಆದರೂ ಇಡೀ ಪರಿಹಾರ ಕಾರ್ಯದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವ ಸಾಧನ ಇದೇ.

ಜಾಗತಿಕ ಮಟ್ಟದಲ್ಲಿ ಇದನ್ನೇ ‘ಯಾರು, ಏನು, ಎಲ್ಲಿ’ ಎಂಬ ಮೂರು ಕಲಮುಗಳ ಪಟ್ಟಿಯಾಗಿ ವಿಶ್ವಸಂಸ್ಥೆ ಬಳಸುತ್ತದೆ. ನೀರು, ಸೂರು, ಆರೋಗ್ಯ, ಆಹಾರ ಎಂದು ಕೆಲಸಗಳನ್ನು ವಿಂಗಡಿಸಿ, ಪ್ರತಿಯೊಂದಕ್ಕೂ ಒಂದು ಸಂಸ್ಥೆಯನ್ನು ಹೊಣೆ ಮಾಡುವ ಪದ್ಧತಿ 2005ರ ಅಕ್ಟೋಬರಿನ ಪಾಕಿಸ್ತಾನ ಭೂಕಂಪದಲ್ಲಿ ಮೊದಲ ಬಾರಿಗೆ ಜಾರಿಗೆ ಬಂತು. ಭಾರತದಲ್ಲಿ ಅದೇ ವರ್ಷ ವಿಪತ್ತು ನಿರ್ವಹಣಾ ಕಾಯ್ದೆ ಬಂದು, ಜಿಲ್ಲೆಯ ಮಟ್ಟದಲ್ಲಿ ಜಿಲ್ಲಾಧಿಕಾರಿಯ ನೇತೃತ್ವದ ಪ್ರಾಧಿಕಾರಕ್ಕೆ ಈ ಹೊಣೆ ಬಿತ್ತು.

ಜನ ಎಲ್ಲಿದ್ದಾರೆ ಎಂಬ ಪ್ರಶ್ನೆಗೆ ಈಗ ಹೊಸ ಬಗೆಯ ಉತ್ತರವೂ ಇದೆ. 2010ರ ಜನವರಿ 12ರಂದು ಹೈಟಿಯ ರಾಜಧಾನಿ ಪೋರ್ಟ್-ಓ-ಪ್ರಿನ್ಸ್ ಭೂಕಂಪದಿಂದ ನೆಲಕಚ್ಚಿದ ಮೇಲೆ, ಸ್ವೀಡನ್ನಿನ ಲಿನಸ್ ಬೆಂಗ್ಟ್‌ಸನ್ ಮತ್ತು ಸಂಗಡಿಗರು ಹತ್ತೊಂಬತ್ತು ಲಕ್ಷ ಮೊಬೈಲ್ ಸಿಮ್‌ಗಳು ಯಾವ ಗೋಪುರದಿಂದ ಯಾವ ಗೋಪುರಕ್ಕೆ ಸರಿದವು ಎಂಬುದನ್ನು, ಹೆಸರುಗಳನ್ನು ತೆಗೆದುಹಾಕಿದ ದತ್ತಾಂಶದಿಂದ ಲೆಕ್ಕ ಹಾಕಿದರು. ಭೂಕಂಪದ ದಿನ ರಾಜಧಾನಿಯಲ್ಲಿದ್ದವರ ಪೈಕಿ ಸುಮಾರು 6,30,000 ಜನ 19 ದಿನಗಳೊಳಗೆ ಊರು ಬಿಟ್ಟಿದ್ದರು ಎಂಬುದು ಅವರ ಅಂದಾಜು. ಅದೇ ವರ್ಷದ ಅಕ್ಟೋಬರಿನಲ್ಲಿ ಅಲ್ಲಿ ಕಾಲರಾ ಹಬ್ಬಿದಾಗ, ಸೋಂಕಿನ ಪ್ರದೇಶದಿಂದ ಜನ ಯಾವ ಕಡೆ ಹೋಗುತ್ತಿದ್ದಾರೆ ಎಂಬುದನ್ನು ದತ್ತಾಂಶ ಕೈಸೇರಿದ 12 ಗಂಟೆಯೊಳಗೆ ತಿಳಿಸಲು ಅವರಿಗೆ ಸಾಧ್ಯವಾಯಿತು. ಇದು ನಿಜಕ್ಕೂ ಬೆರಗು ಹುಟ್ಟಿಸುವ ವಿಜ್ಞಾನ. ಆದರೆ ಮೊಬೈಲ್ ಇಲ್ಲದ ಮುದುಕಿ, ಚಿಕ್ಕ ಮಗು, ಕಡು ಬಡವ ಈ ನಕ್ಷೆಯಲ್ಲಿ ಮೂಡುವುದಿಲ್ಲ. ಜನ ಎಲ್ಲಿಗೆ ಹೋದರೆಂದು ಗೋಪುರ ಹೇಳಬಲ್ಲದು. ಅವರಿಗೆ ಏನು ಬೇಕು ಎಂಬುದನ್ನು ಅವರನ್ನೇ ಕೇಳಬೇಕು.

ಕೇಳದೆ ಹೋದರೆ ಏನಾಗುತ್ತದೆ ಎಂಬುದು ತುರ್ತು ಪರಿಹಾರ ಮುಗಿದು ಮನೆ ಕಟ್ಟುವ ಹಂತ ಬಂದಾಗ ಇನ್ನಷ್ಟು ಎದ್ದು ಕಾಣುತ್ತದೆ. ನಮ್ಮ ಕಲಬುರಗಿ, ಬೀದರ್ ಜಿಲ್ಲೆಗಳ ಗಡಿಯಾಚೆಗೆ ಅಷ್ಟೇನೂ ದೂರವಿಲ್ಲದ, ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ ಭೂಮಿ ನಡುಗಿತು. ಹಿಂದಿನ ರಾತ್ರಿಯಷ್ಟೇ ಅನಂತ ಚತುರ್ದಶಿಯ ಗಣಪತಿ ವಿಸರ್ಜನೆ ಮುಗಿಸಿ ಜನ ಮಲಗಿದ್ದರು. ಲಾತೂರ್, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸತ್ತವರ ಸಂಖ್ಯೆ ಹಲವು ಲೆಕ್ಕಗಳ ಪ್ರಕಾರ ಹತ್ತು ಸಾವಿರದ ಸಮೀಪ. ಕಂಪನದ ಪ್ರಮಾಣ 6.2 ಮಾತ್ರ, ಕೊಂದದ್ದು ಮನೆಗಳು. ಅಲ್ಲಿನ ಗೋಡೆ ದಪ್ಪವಾಗಿ ಕಂಡರೂ ಒಳಮೈ ಹೊರಮೈ ಎಂದು ಎರಡು ಪದರದ ಕಾಡುಗಲ್ಲಿನ ಕಟ್ಟಡ, ನಡುವೆ ಮಣ್ಣು ಮತ್ತು ಚೂರುಗಲ್ಲು. ಎರಡೂ ಪದರಗಳನ್ನು ಹಿಡಿದಿಡುವ ಉದ್ದ ಕಲ್ಲು ಅಡ್ಡಕ್ಕೆ ಇಲ್ಲದಿದ್ದರೆ, ನೆಲ ಅಲುಗಿದ ಕೂಡಲೇ ಪದರಗಳು ಹೊಟ್ಟೆಯುಬ್ಬಿ ಬೇರೆಬೇರೆಯಾಗಿ ಸೀಳುತ್ತವೆ. ಆಗ ಮರದ ತೊಲೆಗಳ ಮೇಲೆ ಹೇರಿದ ಮಣ್ಣಿನ ಮಾಳಿಗೆ ಮಲಗಿದವರ ಮೇಲೆ ಇಳಿಯುತ್ತದೆ. ಕಲಬುರಗಿ, ವಿಜಯಪುರ ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ಬೆಳೆದವರಿಗೆ ಈ ವರ್ಣನೆ ಪರಕೀಯವೆನಿಸದು.

ಆಮೇಲೆ 52 ಹಳ್ಳಿಗಳನ್ನು ಪೂರ್ತಿಯಾಗಿ ಬೇರೆ ಜಾಗಕ್ಕೆ ಸ್ಥಳಾಂತರಿಸಲಾಯಿತು. ಹೊಸ ಊರುಗಳಿಗೆ ಪಟ್ಟಣದ ಬಡಾವಣೆಯಂತೆ ಅಗಲವಾದ ನೇರ ರಸ್ತೆಗಳು ಬಂದವು, ಸಾಲು ಮನೆಗಳು ಬಂದವು. ಆ ಮನೆಗಳು ಹಳೆಯವುಗಳಿಗಿಂತ ಗಟ್ಟಿ ಎಂಬುದರಲ್ಲಿ ಸಂಶಯವಿಲ್ಲ. ಆದರೆ ರೈತನ ಮನೆ ಎಂದರೆ ನಾಲ್ಕು ಗೋಡೆಯಷ್ಟೇ ಅಲ್ಲ. ಎತ್ತು ಕಟ್ಟಲು ಕೊಟ್ಟಿಗೆ, ಮೇವಿನ ಬಣವೆಗೆ ಜಾಗ, ಕಾಳು ತುಂಬುವ ಹಗೇವು, ಹೆಂಗಸರು ಕೂತು ಜೋಳ ಹಸನು ಮಾಡುವ ಅಂಗಳ, ಪಕ್ಕದಲ್ಲೇ ದಾಯಾದಿಗಳ ಮನೆ ಎಲ್ಲವೂ ಸೇರಿ ಮನೆ. ನಕ್ಷೆಯಲ್ಲಿ ಇವು ಕಾಣದಿದ್ದರೆ ಬದುಕು ನಕ್ಷೆಗೆ ಹೊಂದುವುದಿಲ್ಲ. 2009ರ ಪ್ರವಾಹದ ಬಳಿಕ ಉತ್ತರ ಕರ್ನಾಟಕದಲ್ಲಿ ಕಟ್ಟಿದ ‘ಆಸರೆ’ ಮನೆಗಳಲ್ಲಿ ಎಷ್ಟೋ ಮನೆಗಳು ಖಾಲಿ ಉಳಿದವೆಂಬ ವರದಿಗಳನ್ನು ಓದಿದಾಗ ನನಗೆ ನೆನಪಾದದ್ದು ಕಿಲ್ಲಾರಿಯೇ.

ಮರಾಠವಾಡದಲ್ಲಿ ಇನ್ನೊಂದು ದಾರಿಯೂ ನಡೆಯಿತು. ಸುತ್ತಲ ಜಿಲ್ಲೆಗಳಲ್ಲಿ ಬಿರುಕು ಬಿಟ್ಟ ಸುಮಾರು ಎರಡು ಲಕ್ಷ ಮನೆಗಳನ್ನು ಮಾಲೀಕರೇ ನಿಂತು ಸರಿಪಡಿಸಿಕೊಳ್ಳುವ ಯೋಜನೆ ಅದು. ಇಲ್ಲಿ ಪ್ರೇಮಾ ಗೋಪಾಲನ್ ಅವರ ಸ್ವಯಂ ಶಿಕ್ಷಣ ಪ್ರಯೋಗ ಸಂಸ್ಥೆ ಮಹಿಳಾ ಮಂಡಳಗಳ ಹೆಂಗಸರನ್ನೇ ‘ಸಂವಾದ ಸಹಾಯಕ’ರನ್ನಾಗಿ ಊರೂರಿನಲ್ಲಿ ನಿಲ್ಲಿಸಿತು. ಕಂತಿನ ಹಣ ಯಾವಾಗ ಬರುತ್ತದೆ, ಗೋಡೆಗೆ ಅಡ್ಡಕಲ್ಲು ಏಕೆ ಬೇಕು, ಮಾಳಿಗೆಯ ಮಣ್ಣನ್ನು ಎಷ್ಟು ಇಳಿಸಬೇಕು ಎಂಬುದನ್ನು ಕಲಿತು ನೆರೆಹೊರೆಗೆ ಹೇಳುವ ಕೆಲಸ ಅವರದು. ಎಂಜಿನಿಯರು ಹೇಳಿದ್ದೆಲ್ಲ ನಡೆಯಲಿಲ್ಲ. ಕಲ್ಲೆಂದರೆ ಹೆದರಿಹೋಗಿದ್ದ ಬಹಳ ಮಂದಿ ಹಳೆಯ ಗೋಡೆಯನ್ನು ಬಲಪಡಿಸುವ ಬದಲು ಅದೇ ಹಣದಲ್ಲಿ ಒಂದು ಹೊಸ ಕೋಣೆ ಕಟ್ಟಿಕೊಂಡರು. ಆ ಭಯವೂ ಒಂದು ಮಾಹಿತಿಯೇ. ಯಾವ ಸಮೀಕ್ಷೆಯ ನಮೂನೆಯಲ್ಲೂ ಅದಕ್ಕೆ ಕಲಮು ಇರುವುದಿಲ್ಲ.

2001ರ ಭೂಕಂಪದಲ್ಲಿ ಗುಜರಾತಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮನೆಗಳು ನೆಲಸಮವಾಗಿದ್ದರೂ ಕಛ್‌ನ ಹೆಚ್ಚಿನ ಹಳ್ಳಿಗಳು ಬೇರೆ ಕಡೆಗೆ ಹೋಗಲು ಒಪ್ಪಲಿಲ್ಲ. ಇದ್ದಲ್ಲೇ, ಮನೆಯವರೇ ನಿಂತು ಕಟ್ಟಿಸುವ ನೀತಿಯನ್ನು ಗುಜರಾತ್ ಸರ್ಕಾರ ಮುಖ್ಯವಾಗಿ ಹಿಡಿಯಿತು. ಹಣ ಕಂತುಗಳಲ್ಲಿ ಬರುತ್ತಿತ್ತು, ಗೋಡೆ ಒಂದು ಹಂತಕ್ಕೆ ಬಂದಾಗ ಎಂಜಿನಿಯರು ನೋಡಿ ಒಪ್ಪಿದ ಮೇಲೆ ಮುಂದಿನ ಕಂತು ಬರುತ್ತಿತ್ತು, ಜೊತೆಗೆ ಸಾವಿರಾರು ಗಾರೆ ಕೆಲಸದವರಿಗೆ ತರಬೇತಿ ಸಿಕ್ಕಿತು. ಆ ನಾಡಿನ ದುಂಡನೆಯ ಮಣ್ಣಿನ ಮನೆಗಳಾದ ‘ಭುಂಗಾ’ಗಳು ಕಂಪನದಲ್ಲಿ ಚೆನ್ನಾಗಿ ತಾಳಿಕೊಂಡದ್ದನ್ನು ಕಂಡವರು, ಹೊಸ ಸುರಕ್ಷತೆಗಾಗಿ ಹಳೆಯದನ್ನೆಲ್ಲ ಎಸೆಯಬೇಕಿಲ್ಲ ಎಂಬುದನ್ನೂ ಮನಗಂಡರು.

ಆ ದಿನಗಳಲ್ಲಿ ಲಾತೂರ್, ಉಸ್ಮಾನಾಬಾದ್ ಕಡೆಯ ಕೆಲವು ಹೆಂಗಸರು ಕಛ್‌ಗೆ ಹೋದರು. ಎಂಟು ವರ್ಷ ಮೊದಲು ತಾವೇ ಅವಶೇಷದ ನಡುವೆ ಕೂತಿದ್ದವರು ಅವರು. ಅವರು ಮರಾಠಿಯವರು, ಕೇಳುವವರು ಕಛ್ಛಿ ಮತ್ತು ಗುಜರಾತಿಯವರು. ಯಾವ ಕಾಗದಕ್ಕೆ ಯಾರ ಬಳಿ ಹೋಗಬೇಕು, ಎಂಜಿನಿಯರು ಬಂದಾಗ ಏನು ಕೇಳಬೇಕು, ಗೋಡೆ ಏಳುವಾಗ ಹೆಂಗಸರೂ ಏಕೆ ಅಲ್ಲಿ ನಿಂತು ನೋಡಬೇಕು ಎಂಬುದನ್ನು ಅವರು ಹೇಳಿಕೊಟ್ಟರು. 2004ರ ಡಿಸೆಂಬರ್ 26ರ ಸುನಾಮಿ ಬಂದು ಹೋದ ಮೇಲೆ, ಅದೇ ಮಾತುಗಳನ್ನು ಹೇಳಲು ಮರಾಠವಾಡದ ಹೆಂಗಸರು ತಮಿಳುನಾಡಿನ ಕರಾವಳಿಗೂ ಹೋದರು.